ಏಳನೆಯ ತಟ್ಟು

"ಯುದ್ಧದ ಮಧ್ಯೆ ಯಾರಪ್ಪಾ ಇದು, ಕರುಂ ಕರುಂ ಅಂತ ಸೌತೆಕಾಯಿ ಕಡೀತಿರೋದು?"

ಮಿಲುಂಕಾ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಬಿಸಿಲು ಬಿದ್ದ ಅಡುಗೆಮನೆಯಲ್ಲಿ ಆಕೆಯೊಬ್ಬಳೇ ಇದ್ದಳು. ಕಿವಿಗೆ ಹೆಡ್‌ಫೋನ್, ಮುಂದೆ ಗೆರೆ ಹಾಕಿದ ಕಾಗದ, ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್. ಪಕ್ಕದಲ್ಲಿಟ್ಟ ಕಾಫಿ ಆರಿ ಮೇಲೆ ಕೆನೆಯಂಥ ಪದರ ಕಟ್ಟಿತ್ತು.

ಚಾಚಾಕ್ ಪಟ್ಟಣದ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಶೀಘ್ರಲಿಪಿಗಾರ್ತಿಯಾಗಿ ಕೂತ, ಊರಿಗೆಲ್ಲ ಅತ್ತೆಯಾದ ಹೆಂಗಸು. ಸಾಕ್ಷಿಗಳು ಆಡಿದ್ದು ಒಂದು ಕಿವಿಗೆ ಬಿದ್ದರೆ, ಆಡದೆ ನುಂಗಿದ್ದು ಇನ್ನೊಂದಕ್ಕೆ ಬೀಳುತ್ತಿತ್ತು. ನಿವೃತ್ತಿಯಾದ ಮೇಲೆ ಚರ್ಚಿನಲ್ಲಿ ಕೀರ್ತನೆ ಓದಿಕೊಂಡಿರುವುದಷ್ಟೇ ಕೆಲಸ ಎಂದುಕೊಂಡಿದ್ದಳು. ಆದರೆ ಈ ಹತ್ತು ದಿನದಿಂದ ಆಕೆ ಕೊಲೆಯೊಂದರ ಬೆನ್ನು ಹತ್ತಿದ್ದಳು.

ಎರಡು ವಾರದ ಹಿಂದಿನ ಭಾನುವಾರ ಸಂಜೆ, ನಾಲ್ಕೂ ನಲವತ್ತರ ಹೊತ್ತಿಗೆ, ಫೋಟೋ ಸ್ಟುಡಿಯೋದ ಮುದುಕ ವುಕಾಶಿನ್ ತನ್ನ ಅಂಗಡಿಯಲ್ಲೇ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬ ಅಂಗಡಿಯ ಸಹಾಯಕ ಉಗ್ಲೆಶಾ. ಇನ್ನೊಬ್ಬ ಮುದುಕನ ಅಣ್ಣನ ಮಗ ರಾದೆಂಕೊ.

ಉಗ್ಲೆಶಾ ಆ ಹೊತ್ತಿನಲ್ಲಿ ಮೊರಾವಾ ನದಿಯ ದಡದಲ್ಲಿ ಒಬ್ಬನೇ ಗಾಳ ಹಾಕಿಕೊಂಡು ಕೂತಿದ್ದನಂತೆ. ನೋಡಿದವರು ಯಾರೂ ಇಲ್ಲ. ರಾದೆಂಕೊ ತನ್ನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಎಂಟು ಜನರೊಂದಿಗೆ ಆನ್‌ಲೈನ್ ಆಟದಲ್ಲಿದ್ದನಂತೆ. ಎಂಟೂ ಜನ ಪೊಲೀಸರ ಮುಂದೆ ಹೌದೆಂದಿದ್ದರು. ಗುಂಪಿನ ನಾಯಕ ಸ್ವೆತೊಜಾರ್ ಆ ಎರಡು ಗಂಟೆಯ ಮಾತುಕತೆಯ ಧ್ವನಿಮುದ್ರಣವನ್ನೇ ಕೊಟ್ಟಿದ್ದ. ಅದರ ಪ್ರತಿಯೊಂದು ಉಗ್ಲೆಶಾನ ವಕೀಲರ ಮೂಲಕ ಮಿಲುಂಕಾಳ ಕೈಗೆ ಬಂದಿತ್ತು.

ಹಾಗಾಗಿ ಜೈಲಿನಲ್ಲಿದ್ದವನು ಉಗ್ಲೆಶಾ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನ್ಯಾಯಾಧೀಶರು ಅವನ ಮೇಲೆ ಕೊಲೆ ಆರೋಪ ಹೊರಿಸುವವರಿದ್ದರು.

ಮಿಲುಂಕಾ ಮುದ್ರಣವನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಕರುಂ. ಅನುಮಾನವೇ ಇಲ್ಲ, ಹುಳಿನೀರಿನಲ್ಲಿ ನೆನೆದ ಸೌತೆಕಾಯಿ. ಕಾಗದದ ಮೇಲೆ ಸಣ್ಣದೊಂದು ಕತ್ತರಿ ಗುರುತು ಹಾಕಿದಳು.

ಆಗ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಸ್ಮಿಲ್ಯಾ, ಉಗ್ಲೆಶಾನ ಅಕ್ಕ. ತಮ್ಮನನ್ನು ಉಳಿಸಿ ಎಂದು ಮಿಲುಂಕಾಳನ್ನು ಬೇಡಿಕೊಂಡವಳು ಅವಳೇ. ಬೇಕರಿಯ ಮುಂಜಾವಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು.

"ಅತ್ತೆ, ಬುರೆಕ್ ತಂದಿದ್ದೀನಿ, ಬಿಸಿ ಇದೆ, ತಿನ್ನಿ. ಏನಾದ್ರೂ ಸಿಕ್ತಾ?"

"ಕೂತ್ಕೊ. ನಿನ್ನೆ ತಮ್ಮನ್ನ ನೋಡೋಕೆ ಹೋಗಿದ್ಯಾ?"

"ಹೋಗಿದ್ದೆ." ಸ್ಮಿಲ್ಯಾ ಕುರ್ಚಿಯ ತುದಿಯಲ್ಲಿ ಕೂತಳು. "ಕೇಸಿನ ಬಗ್ಗೆ ಒಂದು ಮಾತೂ ಇಲ್ಲ. ಗಾಳದ ದಾರ ಒದ್ದೆ ಇತ್ತು, ಒಣಗಿಸಿದ್ಯಾ ಅಂತ ಕೇಳ್ದ. ಇಪ್ಪತ್ತು ವರ್ಷ ಒಳಗಿರ್ಬೇಕಾಗಿ ಬಂದೋನು ಕೇಳೋ ಮಾತಾ ಇದು?"

ಮಿಲುಂಕಾ ಗರಿಗರಿ ಪದರಗಳ ಆ ಬುರೆಕ್ ಮುರಿದು ಒಂದು ತುಂಡು ಅವಳ ಕೈಗೇ ಕೊಟ್ಟಳು.

"ನೀನೂ ಈ ಆಟ ಆಡ್ತೀಯ ಅಂದಿದ್ದೆಯಲ್ಲ. ನನಗೊಂದು ಅರ್ಥ ಮಾಡಿಸು. ಹಾವಿನ ರಾಣಿ ಅಂದ್ರೆ ಏನು?"

"ಅಯ್ಯೋ, ನಾವು ಆಡೋದೇನು ಬಿಡಿ. ಬೇಕರಿ ಹೆಂಗಸರೆಲ್ಲ ಸೇರ್ಕೊಂಡು ಹರಟೆ ಹೊಡೆಯೋಕೆ ಒಂದು ನೆಪ. ಸ್ವೆತೊಜಾರ್ ಗುಂಪಿನೋರು ನಮ್ಮನ್ನ ಆಟಗಾರರು ಅಂತಾನೇ ಅನ್ನಲ್ಲ. ಪಿಕ್‌ನಿಕ್ ಮಂದಿ ಅಂತಾರೆ."

"ಯಾಕೆ?"

"ಕೋಟೆಗೆ ಎರಡು ಬಾಗಿಲು, ಅತ್ತೆ. ಒಂದು ಸುಲಭದ್ದು, ಒಂದು ಕಠಿಣದ್ದು. ಎಲ್ಲಿಂದ ಹೋದ್ರೂ ಒಳಗಿರೋಳು ಅದೇ ರಾಣಿ. ಒಂಬತ್ತು ಜನ ಸೇರಿ ಅವಳನ್ನ ಕೊಲ್ಲಬೇಕು. ಸುಲಭದ ಬಾಗಿಲಿಂದ ಹೋದ್ರೆ ಅವಳು ಕಚ್ಚಿದ್ರೆ ಸೊಳ್ಳೆ ಕಚ್ಚಿದ ಹಾಗೆ. ಕಠಿಣದ ಬಾಗಿಲಲ್ಲಿ ಒಬ್ಬರು ಒಂದು ಉಸಿರು ತಡ ಮಾಡಿದ್ರೂ ಒಂಬತ್ತು ಹೆಣ ಬೀಳತ್ತೆ."

"ಆಡ್ತಾ ಆಡ್ತಾ ಒಬ್ಬರು ಎದ್ದು ಹೋದರೆ?"

"ಕಠಿಣದ್ದರಲ್ಲಾ? ಎಲ್ಲಿ ಹೋಗ್ತಾರೆ? ಅವರು ಮೂಗು ಒರೆಸಿಕೊಳ್ಳೋಕೂ ಅಪ್ಪಣೆ ಕೇಳ್ತಾರೆ."

"ಸುಲಭದ್ದರಲ್ಲಿ?"

ಸ್ಮಿಲ್ಯಾಗೆ ಆ ಹೊತ್ತಿನಲ್ಲೂ ನಗು ಬಂತು. "ಹೋದ ತಿಂಗಳು ನಾನು ಮಧ್ಯದಲ್ಲಿ ಎದ್ದು, ಕೊಚ್ಚಿದ ಮಾಂಸಾನ ಎಲೆಕೋಸಿನಲ್ಲಿ ಸುತ್ತಿ ನಲವತ್ತು ಸರ್ಮಾ ಮಾಡಿ, ಒಲೆ ಮೇಲಿಟ್ಟು, ಕೈ ತೊಳ್ಕೊಂಡು ಬಂದೆ. ಬರೋ ಹೊತ್ತಿಗೆ ರಾಣಿ ಸತ್ತಿದ್ಲು. ನನ್ನ ಪಾಲಿನ ಬಹುಮಾನ ನನ್ನ ಚೀಲದಲ್ಲಿ ಬಿದ್ದಿತ್ತು."

"ನೀನು ಎಲ್ಲಿ ಹೋದೆ ಅಂತ ಯಾರೂ ಕೇಳಲಿಲ್ವಾ?"

"ಇರಲಿಲ್ಲ ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ ಅತ್ತೆ, ಕೇಳೋದೇನು..."

ಸ್ಮಿಲ್ಯಾಳ ಕೈಯಲ್ಲಿದ್ದ ಬುರೆಕ್ ತುಂಡು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ.

"ಸೌತೆಕಾಯಿ ಕೇಳು," ಎಂದು ಮಿಲುಂಕಾ ಹೆಡ್‌ಫೋನನ್ನು ಅವಳ ಕಿವಿಗಿಟ್ಟಳು.

ಕೇಳಿಸಿದ್ದು ಎರಡು ಮುದ್ರಣ. ಆ ಗುಂಪಿಗೆ ಪ್ರತಿ ಭಾನುವಾರದ ಮಾತನ್ನೂ ಮುದ್ರಿಸಿಟ್ಟು, ಆಮೇಲೆ ಯಾರು ಎಲ್ಲಿ ತಪ್ಪಿದರೆಂದು ಕೂತು ಕೇಳುವ ಅಭ್ಯಾಸ. ಮೊದಲನೆಯದು ಐದು ವಾರ ಹಳೆಯದು. ನಿಮ್ಮ ಆಟ ಹೇಗಿರುತ್ತೆ ಅಂತ ಮುದುಕಿಗೂ ಸ್ವಲ್ಪ ತಿಳಿಯಲಿ ಎಂದು ಮಿಲುಂಕಾ ಕೇಳಿದಾಗ ಸ್ವೆತೊಜಾರ್ ಹೆಮ್ಮೆಯಿಂದ ತಾನಾಗಿಯೇ ಕಳಿಸಿದ್ದ.

ಅದರಲ್ಲಿ ನಗುವಿಲ್ಲ, ಕೆಮ್ಮೂ ಇಲ್ಲ. ರಾಣಿಯ ವಿಷ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಯಾರ ಸರದಿಯೋ ಅವರ ಸಂಖ್ಯೆಯನ್ನು ಸ್ವೆತೊಜಾರ್ ಕೂಗುತ್ತಾನೆ. ಮಾತಾಡಿದರೆ ತಡವಾಗುತ್ತದೆಂದು, ಕರೆಸಿಕೊಂಡವರು ಮೈಕಿನ ಮೇಲೆ ಉಗುರಿನಿಂದ ಒಮ್ಮೆ ತಟ್ಟುತ್ತಾರೆ. ಒಂದು, ಟಕ್. ಎರಡು, ಟಕ್. ಹೀಗೆ ಒಂಬತ್ತರ ತನಕ ಹೋಗಿ ಮತ್ತೆ ಒಂದಕ್ಕೆ.

ಹನ್ನೊಂದನೆಯ ಸುತ್ತಿನಲ್ಲಿ ಏಳನೆಯ ತಟ್ಟು ಒಂದು ಉಸಿರಿನಷ್ಟು ತಡವಾಯಿತು.

"ಏಳು! ಏಳು! ಎಲ್ಲಿ ಸತ್ತೆ?" ಎಂದು ಸ್ವೆತೊಜಾರ್ ಕಿರುಚಿದ್ದು ಕೇಳಿಸಿತು. ಆಮೇಲೆ ಒಂಬತ್ತು ಜನರ ನಿಟ್ಟುಸಿರು. ಎಲ್ಲರೂ ಸತ್ತಿದ್ದರು.

"ಈಗ ಕೊಲೆಯಾದ ಭಾನುವಾರದ್ದು," ಎಂದಳು ಮಿಲುಂಕಾ.

ಇದರಲ್ಲಿ ಯಾರೋ ನಗುತ್ತಿದ್ದರು. ಯಾರೋ ಅತ್ತೆಮನೆಯ ಸೂಪಿನ ರುಚಿ ಹೇಳುತ್ತಿದ್ದರು. ಸೌತೆಕಾಯಿ ಕಡಿಯುವವನು ಧಾರಾಳವಾಗಿ ಕಡಿಯುತ್ತಿದ್ದ. ಸ್ವೆತೊಜಾರ್ ಅಭ್ಯಾಸಬಲದಿಂದ ಸಂಖ್ಯೆ ಕೂಗುತ್ತಿದ್ದ, ಆದರೆ ಹೊಲಕ್ಕೆ ನೀರು ಬಿಟ್ಟು ಕೂತವನ ಧ್ವನಿಯಲ್ಲಿ.

ಐದು, ಟಕ್. ಆರು, ಟಕ್. ಏಳು.

ಎಂಟು, ಟಕ್.

ಮಿಲುಂಕಾಳ ತಾತ ಒಂಟಿತಂತಿಯ ಗುಸ್ಲೆ ಹಿಡಿದು, ಹತ್ತು ಹತ್ತು ಅಕ್ಷರದ ಸಾಲುಗಳಲ್ಲಿ ವೀರರ ಕತೆ ಹೇಳುತ್ತಿದ್ದ. ಯಾವ ಸಾಲಿನಲ್ಲಾದರೂ ಒಂದು ಅಕ್ಷರ ಕಮ್ಮಿಯಾದರೆ, ನೆಲದ ಮೇಲೆ ಕೂತ ಮಕ್ಕಳು ಅಂಗೈ ತಟ್ಟಿ ಅವನನ್ನು ನಿಲ್ಲಿಸಬೇಕಿತ್ತು. ಆಕೆಗೆ ಏಳನೆಯ ಜಾಗ ಖಾಲಿ ಎಂದು ತಿಳಿಯಲು ಒಂದೇ ಸುತ್ತು ಸಾಕಾಗಿತ್ತು. ಮಿಕ್ಕ ಸುತ್ತುಗಳನ್ನು ಬರೆದುಕೊಂಡದ್ದು ನ್ಯಾಯಾಧೀಶರಿಗೆ ತೋರಿಸಲು.

"ನಾಲ್ಕೂ ಹನ್ನೆರಡಕ್ಕೆ ಏಳು ನಿಲ್ಲತ್ತೆ. ಐದೂ ಐದಕ್ಕೆ ಮತ್ತೆ ಶುರುವಾಗತ್ತೆ. ಮಧ್ಯೆ ಐವತ್ಮೂರು ನಿಮಿಷ ಒಂದು ತಟ್ಟೂ ಇಲ್ಲ. ಆದರೂ ಒಬ್ಬರೂ ಸಾಯಲ್ಲ, ಒಬ್ಬರೂ ಬೈಯಲ್ಲ."

"ಸುಲಭದ ಬಾಗಿಲು!" ಸ್ಮಿಲ್ಯಾ ಎದ್ದು ನಿಂತಳು. "ಅವತ್ತು ಇವರೂ ಪಿಕ್‌ನಿಕ್ ಹೋಗಿದ್ರು! ಪೊಲೀಸರ ಹತ್ರ ಕಠಿಣದ್ದು, ಕಠಿಣದ್ದು, ಕಣ್ಣು ಮಿಟುಕಿಸೋಕೂ ಆಗಲ್ಲ ಅಂತ ಹೇಳಿದ್ದು! ರಾದೆಂಕೊನೇ ಏಳು. ಅವನೇ ಎದ್ದು ಹೋಗಿದ್ದು."

"ಯಾವ ಸಂಖ್ಯೆ ಯಾರದು ಅಂತ ಇದರಲ್ಲಿ ಇಲ್ಲ. ಆದರೆ ಒಂಬತ್ತು ಜನರಲ್ಲಿ ಸ್ಟುಡಿಯೋ ಬೀಗದ ಕೈ ಇರೋದು ಒಬ್ಬನ ಹತ್ರ."

"ಎಂಟು ಜನ ಸೇರ್ಕೊಂಡು ಒಬ್ಬ ಕೊಲೆಗಾರನ್ನ ಉಳಿಸಿದ್ರಾ ಅತ್ತೆ?"

"ಕೊಲೆಗಾರನ್ನ ಉಳಿಸೋಕಲ್ಲಮ್ಮ, ತಮ್ಮ ಮರ್ಯಾದೆ ಉಳಿಸೋಕೆ. ಸುಲಭದ ಬಾಗಿಲಿಂದ ಹೋದ್ವಿ ಅಂತ ಊರಿಗೆ ಗೊತ್ತಾದ್ರೆ ನಾಳೆ ನಿನ್ನ ಬೇಕರಿ ಹೆಂಗಸರ ಮುಂದೆ ತಲೆ ಎತ್ತೋದು ಹೇಗೆ?" ಮಿಲುಂಕಾ ಕಾಗದ ಮಡಚಿದಳು. "ಪೊಲೀಸರು ಇದನ್ನ ಎರಡು ಸಲ ಕೇಳಿದ್ದಾರೆ. ಅವರ ಕಿವಿಗೆ ಇದು ಬರೀ ಗದ್ದಲ. ಸುಲಭದ ಬಾಗಿಲು ಅನ್ನೋ ಮಾತು ಸ್ವೆತೊಜಾರ್ ಬಾಯಿಂದಾನೇ ಬರಬೇಕು. ಬರವಣಿಗೆಯಲ್ಲಿ, ರುಜು ಸಮೇತ, ನಾಳೆ ಒಂಬತ್ತರೊಳಗೆ."

"ಅವನು ನಿಮ್ಮನ್ನ ಬಾಗಿಲೊಳಗೇ ಬಿಡಲ್ಲ."

"ಇವತ್ತು ಬಿಡ್ತಾನೆ. ಇವತ್ತು ಸಂತ ದಿಮಿತ್ರಿಯ ದಿನ, ಅವನ ಮನೆ ಸ್ಲಾವಾ." ಆಕೆ ಗೂಟದಿಂದ ಕೋಟು ತೆಗೆದುಕೊಂಡಳು. "ಮನೆಸಂತನ ಹಬ್ಬದ ದಿನ ಬಂದವರನ್ನ ಹೊಸ್ತಿಲಲ್ಲಿ ನಿಲ್ಲಿಸಿದ್ರೆ ಅವನ ಅಪ್ಪ ಗೋರಿಯಿಂದ ಎದ್ದು ಬರ್ತಾನೆ."

* * *

ಸ್ವೆತೊಜಾರ್‌ನ ಮನೆ ರೈಲು ನಿಲ್ದಾಣದ ಹಿಂದೆ, ಮೂರನೆಯ ಮಹಡಿಯಲ್ಲಿ. ನಿಲ್ದಾಣದಲ್ಲಿ ರೈಲುಗಳಿಗೆ ದಾರಿ ಬಿಡುವ ಕೆಲಸ ಅವನದು. ಮೆಟ್ಟಿಲು ಹತ್ತುವಾಗಲೇ ಹುರಿದ ಹಂದಿಮಾಂಸದ ಪರಿಮಳ ಬರುತ್ತಿತ್ತು.

ಬಾಗಿಲು ತೆರೆದವಳು ಅವನ ತಂಗಿ ಕೊಸಾರಾ. ಮೂವತ್ತರ ಆಸುಪಾಸಿನ ಹೆಂಗಸು, ಬಿಳಿ ಏಪ್ರನ್, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬೇಯಿಸಿ ಅಕ್ರೋಟು ಬೆರೆಸಿದ ಗೋಧಿ.

"ಮಿಲುಂಕಾ ಅತ್ತೆ! ಬನ್ನಿ, ಬನ್ನಿ. ನಿಮ್ಮ ಕಾಲಿಗೆ ಈ ಮೂರು ಮಹಡಿ ಏನು ಕಷ್ಟ ಕೊಡ್ತೋ."

"ನಿಮ್ಮ ಸಂತ ನಿಮ್ಮನ್ನ ಚೆನ್ನಾಗಿಟ್ಟಿರಲಿ, ಮಗು."

ಮಿಲುಂಕಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಗೋಧಿ ಬಾಯಿಗಿಟ್ಟಳು.

"ಇನ್ನೊಂದು ಚಮಚ ತಗೊಳ್ಳಿ ಅತ್ತೆ. ನಾನೇ ಮಾಡಿದ್ದು."

"ಒಂದೇ ಸಾಕು. ಚೆನ್ನಾಗಿದೆ."

ಒಳಗೆ ಉದ್ದದ ಮೇಜು, ಹದಿನೈದಿಪ್ಪತ್ತು ಜನ. ಸಂತನ ಪಟದ ಕೆಳಗೆ ದಪ್ಪ ಮೇಣದ ಬತ್ತಿ ಉರಿಯುತ್ತಿತ್ತು. ಮನೆಯ ಯಜಮಾನ ಇವತ್ತು ಕೂರುವಂತಿಲ್ಲ. ಸ್ವೆತೊಜಾರ್ ಹಣ್ಣಿನ ಸಾರಾಯಿ ರಾಕಿಯಾದ ಸೀಸೆ ಹಿಡಿದು ಅತಿಥಿಗಳ ಬೆನ್ನ ಹಿಂದೆ ಓಡಾಡುತ್ತಿದ್ದ. ಮಿಲುಂಕಾಳನ್ನು ಕಂಡದ್ದೇ ಅವನ ಮುಖ ಬಿಗಿಯಿತು. ಆದರೆ ಕೈ ಕುರ್ಚಿಯನ್ನು ಎಳೆದುಕೊಟ್ಟಿತು.

ಎದುರು ಕುರ್ಚಿಯಲ್ಲಿ ರಾದೆಂಕೊ ಇದ್ದ. ಚಿಕ್ಕಪ್ಪನ ಸಾವಿನ ಶೋಕಕ್ಕೆ ತೊಟ್ಟ ಕಪ್ಪು ಅಂಗಿ, ಎರಡು ವಾರದ ಗಡ್ಡ.

"ಏನತ್ತೆ," ಎಂದ ಅವನು, "ಆಟದ ಬಗ್ಗೆ ಊರೆಲ್ಲ ವಿಚಾರಿಸ್ತಿದ್ದೀರಂತೆ. ನಿಮಗೂ ಕಲಿಸಿಕೊಡ್ಬೇಕಾ?"

"ಕಲಿಸಪ್ಪ. ಮಂಡಿ ನೋವಿರೋ ಮುದುಕಿ. ಸುಲಭದ ಬಾಗಿಲಿಂದ ಶುರು ಮಾಡೋಣ."

ಮೇಜಿನಲ್ಲಿದ್ದ ಆಟದ ಗುಂಪಿನವರು ಯಾರ್ಯಾರೆಂದು ಮಿಲುಂಕಾಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅವರ ಮುಳ್ಳುಚಮಚಗಳು ಮಾತ್ರ ನಿಂತವು. ಸ್ವೆತೊಜಾರ್ ಸುರಿಯುತ್ತಿದ್ದ ರಾಕಿಯಾ ಲೋಟ ತುಂಬಿ ಮೇಜುಬಟ್ಟೆಯ ಮೇಲೆ ಹರಿಯಿತು.

"ಸ್ವೆತೊಜಾರ್, ಮಗಾ," ಎಂದು ಮಿಲುಂಕಾ ಮೆಲ್ಲಗೆ ಎದ್ದಳು. "ಇಲ್ಲಿ ಸೆಖೆ. ನನ್ನನ್ನ ಸ್ವಲ್ಪ ಹೊರಗೆ ಗಾಳಿಗೆ ಕರ್ಕೊಂಡು ಹೋಗು."

ಉರಿಯುವ ಮೇಣದ ಬತ್ತಿಯ ಎದುರು ಒಬ್ಬನಿಂದ ಸುಳ್ಳು ಹೇಳಿಸುವುದು ಆಕೆಗೆ ಬೇಕಿರಲಿಲ್ಲ.

* * *

ಬಾಲ್ಕನಿಯ ಗೋಡೆಯುದ್ದಕ್ಕೂ ಚಳಿಗಾಲಕ್ಕೆ ತುಂಬಿಟ್ಟ ಕೆಂಪು ಮೆಣಸಿನಕಾಯಿ ಚಟ್ನಿಯ ಜಾಡಿಗಳು. ಸ್ವೆತೊಜಾರ್ ಗಾಜಿನ ಬಾಗಿಲು ಎಳೆದುಕೊಂಡ. ಕೆಳಗೆ ಸರಕು ರೈಲೊಂದು ಹೊರಡಲು ಕಾಯುತ್ತಿತ್ತು.

"ನನ್ನ ಮನೆ ಸ್ಲಾವಾ ದಿನ ಬಂದು ನನ್ನ ಮರ್ಯಾದೆ ತೆಗೀತೀರಲ್ಲ ಅತ್ತೆ."

"ನಾಳೆ ಒಂಬತ್ತಕ್ಕೆ ಒಬ್ಬ ಅಮಾಯಕನ ಮೇಲೆ ಕೊಲೆ ಹೊರಿಸ್ತಾರೆ. ನಾಳಿದ್ದು ಬರೋಕಾಗಲ್ಲ ನನಗೆ."

"ನಾವು ಹೇಳಿದ್ದು ಹೇಳಿ ಆಗಿದೆ. ಕಠಿಣದ ಬಾಗಿಲು. ಒಂಬತ್ತೂ ಜನ ಕೂತಲ್ಲೇ ಇದ್ವಿ."

ಮಿಲುಂಕಾ ಕೋಟಿನ ಜೇಬಿನಿಂದ ಕಾಗದ ತೆಗೆದು, ಜಾಡಿಗಳ ಮೇಲೆ ಬಿಡಿಸಿ ಹಿಡಿದಳು. ಒಂಬತ್ತು ಕಂಬಸಾಲು, ಪ್ರತಿ ತಟ್ಟಿಗೊಂದು ಚುಕ್ಕೆ. ಏಳನೆಯ ಸಾಲು ಮೇಲೊಂದಿಷ್ಟು ಚುಕ್ಕೆ, ಆಮೇಲೆ ಬರೀ ಬಿಳಿ, ಕೊನೆಯಲ್ಲಿ ಮತ್ತೆ ಚುಕ್ಕೆ.

"ಹಳೇ ಮುದ್ರಣದಲ್ಲಿ ಏಳು ಒಂದು ಉಸಿರು ತಡ ಮಾಡಿದ್ದಕ್ಕೆ ಎಲ್ಲರೂ ಸತ್ರಿ. ಇಲ್ಲಿ ಐವತ್ಮೂರು ನಿಮಿಷ ಏಳು ಇಲ್ಲ. ಒಂಬತ್ತು ಜನಾನೂ ಬದುಕಿದ್ದೀರಿ, ಸೂಪಿನ ಮಾತಾಡ್ತಿದ್ದೀರಿ. ಇದು ಯಾವ ಬಾಗಿಲು, ಮಗಾ?"

ಅವನು ಕಾಗದದ ಮೇಲೆ ಬಾಗಿದ. ರೈಲು ದಾರಿಯ ನಕ್ಷೆ ಓದುವವನ ಕಣ್ಣು, ತಪ್ಪು ಎಲ್ಲಿದೆ ಎಂದು ಹುಡುಕಿತು. ಸಿಗಲಿಲ್ಲ.

"ನಿಮಗೆ ಇದು ಆಟ," ಎಂದ ಕೊನೆಗೆ. "ನಾವು ಎರಡು ವರ್ಷದಿಂದ ಆ ರಾಣಿ ಮುಂದೆ ಸಾಯ್ತಿದ್ದೀವಿ. ಮುನ್ನೂರ ಹನ್ನೆರಡು ಸಲ ಸತ್ತಿದ್ದೀವಿ. ನಮ್ಮಲ್ಲಿ ಒಬ್ಬ ಮೀಟರ್ ಓದೋನು, ಒಬ್ಬಳು ಹಲ್ಲಿನ ಡಾಕ್ಟರ ಹತ್ರ ಚೀಟಿ ಕೊಡೋಳು. ಹಗಲೆಲ್ಲ ಅವರು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಕಠಿಣದ ಬಾಗಿಲೊಳಗೆ ಹೋದ್ರೆ ಅವರು ಇಲ್ದೆ ಎಂಟು ಜನ ಉಳಿಯಲ್ಲ. ಎಲ್ಲಿ ಸಿಗತ್ತೆ ಹೇಳಿ, ಅಂಥ ಜಾಗ?"

"ಚರ್ಚಿನ ಗಾಯಕರ ಸಾಲಲ್ಲಿ ಸಿಗತ್ತೆ," ಎಂದಳು ಮಿಲುಂಕಾ. "ನಿನ್ನ ಮಾತು ನನಗೆ ಅರ್ಥವಾಗತ್ತೆ. ಅದಕ್ಕೇ ಕೇಳ್ತಿದ್ದೀನಿ. ಅವತ್ತು ಯಾವ ಬಾಗಿಲು?"

ಅವನು ಬೆನ್ನು ತಿರುಗಿಸಿದ. ಉತ್ತರ ಹೇಳಿದ್ದು ಕೆಳಗಿನ ಹಳಿಗಳಿಗೆ.

"ಸುಲಭದ್ದು."

ಉಗ್ಲೆಶಾನ ಬೀಗ ಅರ್ಧ ತೆರೆದಂತೆ ಅನಿಸಿತು ಮಿಲುಂಕಾಗೆ. ಆದರೆ ಆಕೆಯ ಧ್ವನಿ ಬದಲಾಗಲಿಲ್ಲ.

"ಬರೆದು ಕೊಡು. ಸುಲಭದ ಬಾಗಿಲು, ರಾದೆಂಕೊ ಆ ಐವತ್ಮೂರು ನಿಮಿಷ ಇದ್ದದ್ದು ನನಗೆ ಗೊತ್ತಿಲ್ಲ ಅಂತ. ಅಷ್ಟು ಸಾಕು."

"ರಾದೆಂಕೊ?" ಸ್ವೆತೊಜಾರ್ ಥಟ್ಟನೆ ತಿರುಗಿದ. "ರಾದೆಂಕೊ ಏಳಲ್ಲ ಅತ್ತೆ. ಅವನು ನಾಲ್ಕು."

"ನಾಲ್ಕು?"

"ಮೊದಲಿಂದಲೂ ನಾಲ್ಕು. ಅವತ್ತು ಪೂರ್ತಿ ಸೌತೆಕಾಯಿ ಜಾಡಿ ಮುಂದಿಟ್ಕೊಂಡು ಕೂತಿದ್ದ. ಎಷ್ಟು ಬೈದೆ, ಮೈಕಿಂದ ದೂರ ಇಟ್ಕೊಂಡು ತಿನ್ನೋ ದನ ಅಂತ."

ಮಿಲುಂಕಾ ಕಾಗದವನ್ನು ಬೆಳಕಿಗೆ ತಿರುಗಿಸಿದಳು. ಸೌತೆಕಾಯಿ ಕಡಿದಾಗಲೆಲ್ಲ ತಾನು ಹಾಕಿದ ಕತ್ತರಿ ಗುರುತುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಾ ಬಂದಳು. ಹದಿನೆಂಟಿದ್ದವು. ಹದಿನೆಂಟೂ ನಾಲ್ಕನೆಯ ಸಾಲಿನ ಚುಕ್ಕೆಗಳಿಗೆ ಅಂಟಿಕೊಂಡೇ ಇದ್ದವು. ನಾಲ್ಕೂ ಹದಿನೈದು, ನಾಲ್ಕೂ ಮೂವತ್ತೆಂಟು, ನಾಲ್ಕೂ ನಲವತ್ತೊಂದು.

ಮುದುಕ ಸತ್ತ ಗಳಿಗೆಯಲ್ಲಿ ಅವನ ಅಣ್ಣನ ಮಗ ತನ್ನ ಮನೆಯಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದ. ಆಕೆಯ ಕೈಬರಹವೇ ಅದಕ್ಕೆ ಸಾಕ್ಷಿ ಹೇಳುತ್ತಿತ್ತು. ಬೀಗದ ಕೈಯ ಹಿಂದೆ ಬಿದ್ದು ಹತ್ತು ದಿನ ಕಳೆದಿದ್ದಳು. ಮುದುಕ ತಾನೇ ಎದ್ದು ಬಾಗಿಲು ತೆರೆದು, ಬಾ ಎಂದು ಕರೆದಿರಬಹುದಾದವರ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಇನ್ನೂ ಒಂದು ಮಾತು ಆಕೆಗೆ ಈಗ ಹೊಳೆಯಿತು. ರಾದೆಂಕೊಗೆ ಎಂಟು ಜನ ಸಾಕ್ಷಿಯಾಗಿದ್ದರು. ಆ ಎಂಟು ಜನರನ್ನು, ನೀವೆಲ್ಲಿದ್ದಿರಿ ಎಂದು ಯಾರೂ ಕೇಳಿರಲಿಲ್ಲ.

"ಹಾಗಾದರೆ ಏಳು ಯಾರು?"

ಸ್ವೆತೊಜಾರ್ ಬಾಯಿ ತೆರೆದ. ಹೆಸರು ನಾಲಿಗೆಯ ತನಕ ಬಂದದ್ದು ಕಾಣಿಸಿತು. ಆಮೇಲೆ ಅವನ ಕಣ್ಣು ಕಾಗದಕ್ಕೆ ಮರಳಿತು. ಏಳನೆಯ ಬಿಳಿ ಸಾಲನ್ನು ಅವನು ಈಗಷ್ಟೇ ನಿಜವಾಗಿ ನೋಡುತ್ತಿದ್ದ.

"ಗೊತ್ತಿಲ್ಲ."

"ಸಂಖ್ಯೆ ಹಂಚಿದೋನು ನೀನು."

"ಗೊತ್ತಿಲ್ಲ ಅಂದೆನಲ್ಲ!"

ಮಿಲುಂಕಾ ಅವನನ್ನು ಒತ್ತಾಯಿಸಲಿಲ್ಲ. ನ್ಯಾಯಾಲಯದಲ್ಲಿ ಒಳ್ಳೆಯ ವಕೀಲರು ಮಾಡುವುದನ್ನೇ ಆಕೆ ಮಾಡಿದಳು. ಬೇರೆ ಪ್ರಶ್ನೆ ಹಾಕಿದಳು.

"ಮುನ್ನೂರ ಹನ್ನೆರಡು ಸಲ ಸತ್ತರೂ ಬಾಗಿಲು ಬದಲಾಯಿಸದ ಗಂಡಸು ನೀನು. ಅವತ್ತು ಒಂದೇ ಒಂದು ದಿನ ಬದಲಾಯಿಸಿದೆ. ಸುಲಭದ್ದಕ್ಕೆ ಹೋಗೋಣ ಅಂತ ನಿನ್ನನ್ನ ಒಪ್ಪಿಸಿದ್ದು ಯಾರು?"

ಒಳಗಿನಿಂದ ಗಾಜಿನ ಮೇಲೆ ಯಾರೋ ಬೆರಳು ಬಡಿದರು. ಕೊಸಾರಾ ಬಾಗಿಲನ್ನು ಗೇಣಷ್ಟು ಸರಿಸಿ ತಲೆ ಹಾಕಿದಳು. ಕೆನ್ನೆಗೆ ಒಲೆಯ ಕೆಂಪು ಹತ್ತಿತ್ತು.

"ಅಣ್ಣಾ, ಪಾದ್ರಿಗಳು ಮೆಟ್ಟಿಲು ಹತ್ತುತ್ತಿದ್ದಾರೆ. ರೊಟ್ಟಿ ಕತ್ತರಿಸೋಕೆ ನೀನು ಬೇಕಲ್ಲ. ಅತ್ತೆ, ನೀವೂ ಒಳಗೆ ಬನ್ನಿ, ಶೀತವಾಗತ್ತೆ."

"ಬಂದೆ, ಕೊಸೋ," ಎಂದ ಸ್ವೆತೊಜಾರ್.

ಅವಳು ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಜಾಡಿಗಳ ಮೇಲಿದ್ದ ಕಾಗದ ನೋಡಿದಳು. ಬಾಗಿಲೆಳೆದುಕೊಂಡಳು.

ಏಳು ಯಾರೆಂದು ಮಿಲುಂಕಾ ಇನ್ನು ಕೇಳಬೇಕಿರಲಿಲ್ಲ.

"ಅಮ್ಮ ಹೋದಾಗ ಅವಳಿಗೆ ಆರು ವರ್ಷ," ಎಂದ ಸ್ವೆತೊಜಾರ್. "ನಾನೇ ಜಡೆ ಹಾಕಿ ಶಾಲೆಗೆ ಕಳಿಸಿದ್ದು. ಆ ಭಾನುವಾರ ಮಧ್ಯಾಹ್ನ ಫೋನ್ ಮಾಡಿ, ಅಣ್ಣಾ, ಎಲ್ಲರೂ ಸೋತು ಸುಣ್ಣವಾಗಿದ್ದೀವಿ, ಇವತ್ತೊಂದಿನ ನಗುನಗ್ತಾ ಆಡೋಣ ಅಂದಳು. ನನಗೆ ಪಾಪ ಅನ್ನಿಸಿತು." ಅವನು ಕಂಬಿಯನ್ನು ಎರಡೂ ಕೈಯಿಂದ ಹಿಡಿದ. "ಕಠಿಣದ ಬಾಗಿಲಲ್ಲಿ ಅವಳು ಉಸಿರು ತಡ ಮಾಡಿದ್ರೂ ನನಗೆ ಗೊತ್ತಾಗತ್ತೆ ಅತ್ತೆ. ಅವತ್ತು ಐವತ್ಮೂರು ನಿಮಿಷ ಇರಲಿಲ್ಲ. ಅವಳ ಸಂಖ್ಯೆ ನಾನೇ ಕೂಗ್ತಿದ್ದೆ. ನನಗೇ ಗೊತ್ತಾಗಲಿಲ್ಲ."

"ಅವಳ ಮನೆ ಎಲ್ಲಿ?"

"ಸ್ಟುಡಿಯೋ ಹಿಂದಿನ ಓಣಿ." ಆಮೇಲೆ ಅವಸರವಾಗಿ, "ಬೇರೆ ಕಾರಣ ಇರಬಹುದು. ತಲೆ ನೋವು ಬಂದು ಮಲಗಿರಬಹುದು. ಯಾರೋ ಬಂದಿರಬಹುದು."

"ಇರಬಹುದು. ಅವಳೇ ಹೇಳಲಿ."

ಒಳಗೆ ಕುರ್ಚಿಗಳು ಸರಿದ ಸದ್ದಾಯಿತು. ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಪಾದ್ರಿಗಳು ಬಂದಿದ್ದರು.

ಸ್ವೆತೊಜಾರ್ ಗಾಜಿನ ಕಡೆಗೊಮ್ಮೆ ನೋಡಿ, ಹತ್ತಿರ ಬಂದ. ನಿಲ್ದಾಣದಲ್ಲಿ ಎರಡು ರೈಲು ಒಂದೇ ಹಳಿಗೆ ಬಂದಾಗ ಮಾತಾಡುವ ಹಾಗೆ ತಗ್ಗಿದ, ಗಟ್ಟಿ ಧ್ವನಿಯಲ್ಲಿ ಮಾತಾಡಿದ.

"ಕೇಳಿ. ನಿಮಗೆ ಬೇಕಿರೋದು ಉಗ್ಲೆಶಾ ಹೊರಗೆ ಬರೋದು. ಅಲ್ವಾ? ನಾನು ಬರೆದು ಕೊಡ್ತೀನಿ. ಈಗಲೇ, ಪಾದ್ರಿಗಳ ಎದುರೇ ರುಜು ಹಾಕ್ತೀನಿ. ಅವತ್ತು ಸುಲಭದ ಬಾಗಿಲು, ರಾದೆಂಕೊ ಇದ್ನೋ ಇಲ್ವೋ ನನಗೆ ಗೊತ್ತಿಲ್ಲ. ಊರಿಗೆ ಊರೇ ನನ್ನನ್ನ ಪಿಕ್‌ನಿಕ್ ನಾಯಕ ಅಂತ ನಗಲಿ. ನಾಳೆ ನ್ಯಾಯಾಧೀಶರು ಉಗ್ಲೆಶಾನ ಬಿಡ್ತಾರೆ."

"ರಾದೆಂಕೊನ ಹಿಡೀತಾರೆ."

"ಅವನ ಮೇಲೆ ಏನೂ ಸಾಬೀತಾಗಲ್ಲ. ಒಂದು ತಿಂಗಳು, ಎರಡು ತಿಂಗಳು. ಬಿಟ್ಟುಬಿಡ್ತಾರೆ."

"ಉಗ್ಲೆಶಾನ ಬಗ್ಗೇನೂ ಅವನ ಅಕ್ಕ ಹಾಗೇ ಅಂದ್ಕೊಂಡಿದ್ದಳು."

"ಅತ್ತೆ." ಅವನ ಕೈ ಕಾಗದದ ಕಡೆಗೆ ಬಂದು, ಮುಟ್ಟದೆ ಗಾಳಿಯಲ್ಲೇ ನಿಂತಿತು. "ಪೊಲೀಸರು ಆ ಮುದ್ರಣ ಎರಡು ಸಲ ಕೇಳಿದ್ದಾರೆ. ಅವರಿಗೆ ಏನೂ ಕೇಳಿಸಲಿಲ್ಲ. ಇನ್ನು ಯಾರಿಗೂ ಕೇಳಿಸಲ್ಲ. ಏಳನೇ ಸಾಲು ಇರೋದು ಈ ಒಂದು ಕಾಗದದಲ್ಲಿ ಮಾತ್ರ. ರುಜು ತಗೊಳ್ಳಿ, ಇದನ್ನ ನನಗೆ ಕೊಡಿ. ರುಜು ಇಲ್ದೆ ಬರೀ ಚುಕ್ಕೆ ಹಿಡ್ಕೊಂಡು ಹೋದ್ರೆ ನ್ಯಾಯಾಧೀಶರು ನಿಮ್ಮನ್ನ ಮುದುಕಿ ಅಂತ ವಾಪಸ್ ಕಳಿಸ್ತಾರೆ. ಉಗ್ಲೆಶಾ ಒಳಗೇ ಉಳೀತಾನೆ. ಅದು ನಿಮ್ಮ ತಲೆ ಮೇಲೆ."

ರುಜು ಇಲ್ಲದ ಚುಕ್ಕೆಗಳ ಬಗ್ಗೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನ್ಯಾಯಾಧೀಶರು ಹಾಗೇ ಮಾಡುವರೆಂದು ಮಿಲುಂಕಾಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ರುಜು ಒಂದಿದ್ದರೆ ನಾಳೆ ಮಧ್ಯಾಹ್ನದ ಊಟಕ್ಕೆ ಉಗ್ಲೆಶಾ ಅಕ್ಕನ ಮನೆಯಲ್ಲಿರುತ್ತಿದ್ದ. ಇನ್ನೊಬ್ಬ ಅಮಾಯಕ ಅವನ ಕೋಣೆಯಲ್ಲಿ.

ಗಾಜಿನಾಚೆ ಕೊಸಾರಾ ಹಬ್ಬದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಣ್ಣನ ಜಾಗ ಬಿಟ್ಟು ನಿಂತಿದ್ದಳು. ಅವಳು ಪಾದ್ರಿಗಳನ್ನು ನೋಡುತ್ತಿರಲಿಲ್ಲ. ಬಾಲ್ಕನಿಯನ್ನೇ ನೋಡುತ್ತಿದ್ದಳು.

"ನಾನು ಇಲ್ಲಿ ತನಕ ಯಾರನ್ನೂ ಏನೂ ಬೇಡಿದೋನಲ್ಲ," ಎಂದ ಸ್ವೆತೊಜಾರ್. ಅವನ ಕಣ್ಣು ತುಂಬಿತ್ತು. "ಬೇಡ್ತಿದ್ದೀನಿ. ಆ ಕಾಗದ ಕೊಟ್ಟುಬಿಡಿ."

ಮಿಲುಂಕಾ ಕಾಗದವನ್ನು ನಾಲ್ಕಾಗಿ ಮಡಚಿ, ಕೋಟಿನ ಒಳಜೇಬಿಗೆ ಸೇರಿಸಿ, ಗುಂಡಿ ಹಾಕಿದಳು.

"ಕೊಡಲ್ಲ," ಎಂದಳು.